9999 ಆಟಗಳೂ 200 ಚೌಕಗಳೂ

ನಮ್ಮ ಕಲಬುರಗಿ ಕಡೆ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ‘ವಿಡಿಯೋ ಗೇಮ್’ ಅಂದ್ರೆ ಒಂದೇ ಅರ್ಥ. ಅಂಗೈಯಲ್ಲಿ ಹಿಡಿಯೋ ಪ್ಲಾಸ್ಟಿಕ್ ಡಬ್ಬಿ, ಎರಡು ಪೆನ್ಸಿಲ್ ಸೆಲ್, ಬೂದು ಪರದೆ, ಮೇಲಿಂದ ಬೀಳೋ ಇಟ್ಟಿಗೆಗಳು. ಚಿತ್ತಾಪುರದ ಜಾತ್ರೆಯಲ್ಲೂ ಸಿಗ್ತಿತ್ತು, ವಾಡಿ ಸ್ಟೇಷನ್ ಹೊರಗೂ ಸಿಗ್ತಿತ್ತು. ಮೇಲೆ ‘9999 ಇನ್ 1’ ಅಂತ ಬರೆದಿರ್ತಿತ್ತು. ನಿಮ್ಮ ಹತ್ರಾನೂ ಇತ್ತು ತಾನೇ?

9999 ಆಟ! ದಿನಕ್ಕೊಂದರಂತೆ ಆಡಿದರೂ 27 ವರ್ಷ ಬೇಕು. ಆದರೆ ಆಡಿ ನೋಡಿದರೆ ಇದ್ದದ್ದು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಅವೇ ಆಟಗಳ ವೇಗ, ಹಂತ ಬದಲಿಸಿ ಎಣಿಸಿದ ಲೆಕ್ಕ.

ದೊಡ್ಡ ಕಂಪನಿಗಳ ಯಂತ್ರಗಳಲ್ಲೂ ಕಥೆ ಇದಕ್ಕಿಂತ ಬಹಳ ಬೇರೆ ಏನಿಲ್ಲ. ನಿಂಟೆಂಡೊ, ಸೋನಿಯಂಥವರು ಯಂತ್ರದ ಜೊತೆ ತಾವೇ ಒಂದಷ್ಟು ಆಟ ಮಾಡ್ತಾರೆ. ಉಳಿದದ್ದನ್ನ ಹೊರಗಿನ ಕಂಪನಿಗಳು ಮಾಡಿ ಮಾರ್ತವೆ. ಇವಕ್ಕೆ ‘ಥರ್ಡ್ ಪಾರ್ಟಿ’ ಆಟ ಅಂತಾರೆ. ಜಾಸ್ತಿ ಇರೋದೂ ಇವೇ, ಜಾಸ್ತಿ ಬೈಸಿಕೊಳ್ಳೋದೂ ಇವೇ.

ಶಹಾಬಾದಿನಲ್ಲಿರೋ ನಮ್ಮ ಅಕ್ಕನ ಮಗನಿಗೆ ಅವನು ಚಿಕ್ಕವನಿದ್ದಾಗ ಅಮೆರಿಕದ ಸಂಬಂಧಿಕರೊಬ್ಬರು ನಿಂಟೆಂಡೊ ಡಿಎಸ್ ತಂದುಕೊಟ್ಟಿದ್ದರು. 2004ರಲ್ಲಿ ಬಂದ ಯಂತ್ರ. ಪುಸ್ತಕದಂತೆ ಮಡಚೋ ಎರಡು ಪರದೆ, ಕೆಳಗಿನದನ್ನ ಕಡ್ಡಿಯಿಂದ ಮುಟ್ಟಬಹುದು, ಮೈಕ್ ಬೇರೆ! ಜೊತೆಗೆ ಬಂದ ಆರು ಆಟಗಳಲ್ಲಿ ನಾಲ್ಕು ಯಾವುದೋ ಸಿನಿಮಾ ಹೆಸರಿನವು. ಹೊರಗೆ ಹೀರೋ ಚಿತ್ರ, ಒಳಗೆ ಅದೇ ಓಡು, ಹಾರು, ಓಡು. ಎರಡನೇ ಪರದೆಯಲ್ಲಿ ಬರೀ ನಕಾಶೆ. “ಮಾಮಾ, ಎಲ್ಲಾ ಒಂದೇ ನಮೂನಿ ಅವ” ಅಂದಿದ್ದ.

ಹಾಗಂತ ಹೊರಗಿನವರೆಲ್ಲ ಹಾಗಲ್ಲ. ಅಟ್ಲಸ್ ಕಂಪನಿ 2005ರಲ್ಲಿ ಮಾಡಿದ ‘ಟ್ರಾಮಾ ಸೆಂಟರ್’ನಲ್ಲಿ ಆ ಕಡ್ಡಿಯೇ ಡಾಕ್ಟರ ಚಾಕು. ಕೊಯ್ಯಬೇಕು, ಹೊಲಿಗೆ ಹಾಕಬೇಕು, ಕೈ ತಪ್ಪಿದರೆ ರೋಗಿಗೆ ಅಪಾಯ. ಕ್ಯಾಪ್‌ಕಾಮ್‌ನ ವಕೀಲರ ಆಟದಲ್ಲಿ ಮೈಕಿಗೆ ಕೂಗಿ ಆಕ್ಷೇಪಣೆ ಎತ್ತಬಹುದು. ಸ್ಕ್ವೇರ್ ಎನಿಕ್ಸ್ 2007ರಲ್ಲಿ ತಂದ ‘ದಿ ವರ್ಲ್ಡ್ ಎಂಡ್ಸ್ ವಿತ್ ಯೂ’ನಲ್ಲಿ ಎರಡೂ ಪರದೆಯಲ್ಲಿ ಒಟ್ಟಿಗೇ ಕಾದಾಟ. ಅದನ್ನೇ 2012ರಲ್ಲಿ ಐಫೋನಿಗೆ ತರುವಾಗ ಒಂದೇ ಪರದೆಗೆ ಹೊಂದುವಂತೆ ಕಾದಾಟವನ್ನೇ ಬದಲಿಸಬೇಕಾಯ್ತು.

ನಾನು ನೋಡೋದು ಇಷ್ಟೇ. ಆಟವನ್ನ ಆ ಯಂತ್ರದಿಂದ ಕಿತ್ತು ಬೇರೆ ಕಡೆ ಹಾಕಿದರೆ ಏನಾದರೂ ಕಳೆದುಹೋಗುತ್ತಾ? ಕಳೆದುಹೋದರೆ ಮಾಡಿದವನು ತಲೆ ಓಡಿಸಿದ್ದಾನೆ ಅಂತ ಅರ್ಥ.

ಈಗ ನಮ್ಮ 9999ರ ಡಬ್ಬಿಗೆ ಬನ್ನಿ. ಇಟ್ಟಿಗೆ ಬೀಳೋ ಆಟ ಟೆಟ್ರಿಸ್‌ನ ನಕಲು. ಅಸಲಿಯನ್ನ 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ ಮಾಡಿದ್ದು. 1989ರಲ್ಲಿ ನಿಂಟೆಂಡೊ ಗೇಮ್ ಬಾಯ್ ಅಮೆರಿಕಕ್ಕೆ ಬಂದಾಗ ಜೊತೆಗೆ ಕೊಟ್ಟದ್ದು ಈ ಹೊರಗಿನವನ ಆಟವನ್ನೇ! ಆದರೆ ನಮ್ಮ ಡಬ್ಬಿಯಲ್ಲಿ ಕಾರ್ ರೇಸೂ ಇತ್ತು, ಟ್ಯಾಂಕೂ ಇತ್ತು. ಪರದೆಯಲ್ಲಿ ಇದ್ದದ್ದು ಅಡ್ಡ 10, ಉದ್ದ 20, ಒಟ್ಟು 200 ಚೌಕ. ಅಷ್ಟರಲ್ಲೇ ನಾಲ್ಕಾರು ಚೌಕ ಜೋಡಿಸಿ, ನೋಡಿದ ಕೂಡ್ಲೇ ‘ಕಾರು’ ಅನ್ನಿಸೋ ಹಾಗೆ ಮಾಡಿದ ಆ ಹೆಸರಿಲ್ಲದ ಪುಣ್ಯಾತ್ಮನಿಗೆ ನನ್ನದೊಂದು ನಮಸ್ಕಾರ. ಸುಳ್ಳು ಇದ್ದದ್ದು 9999ರಲ್ಲಿ, 200ರಲ್ಲಿ ಇರಲಿಲ್ಲ.

ನಮ್ಮವರೂ ಒಂದು ಕೈ ನೋಡಿದ್ದಾರೆ. ವಾಡಿಯಲ್ಲಿ ಗಾಡಿ ಹತ್ತಿ, ಚಿತ್ತಾಪುರ, ಸೇಡಂ, ತಾಂಡೂರು ದಾಟಿದರೆ ಬರೋ ಹೈದರಾಬಾದಿನ ಗೇಮ್‌ಶಾಸ್ತ್ರ ಅನ್ನೋ ಕಂಪನಿ 2009ರಲ್ಲಿ ‘ದೇಸಿ ಅಡ್ಡಾ’ ಮಾಡ್ತು. ಪ್ರಕಟಿಸಿದ್ದು ಸೋನಿ, ಆಡೋದು ಪಿಎಸ್‌2 ಮತ್ತು ಕೈಯಲ್ಲಿ ಹಿಡಿಯೋ ಪಿಎಸ್‌ಪಿಯಲ್ಲಿ. ಕಬಡ್ಡಿ, ಗಾಳಿಪಟ, ಗಿಲ್ಲಿ ದಾಂಡು, ಅಂದ್ರೆ ನಮ್ಮ ಚಿಣಿಫಣಿ! ಹೆಸರು ಕೇಳಿ ಖುಷಿಯಾಯ್ತು. ಆದರೆ ಪಿಎಸ್‌ಪಿಯಲ್ಲಿ ಇರೋದು ಗುಂಡಿಗಳು. ಚಿಣಿಯನ್ನ ಮೆಲ್ಲಗೆ ಚಿಮ್ಮಿಸಿ ಗಾಳಿಯಲ್ಲೇ ಬಾರಿಸೋ ಮಜಾ ಹೆಬ್ಬೆರಳಿಗೆ ಎಲ್ಲಿಂದ ಬರಬೇಕು?

ಇದೆಲ್ಲ ಈಗ ಯಾಕೆ ಬಂತು ಅಂದ್ರೆ, ಅದೇ ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಮೊಬೈಲಿಗೆ ಆಟ ಮಾಡ್ತೀನಿ ಅಂತ ಕೂತಿದ್ದಾನೆ. ಅಕ್ಕ ಒಂದು ವರ್ಷದ ಗಡುವು ಕೊಟ್ಟಿದ್ದಾಳೆ, ಆಮೇಲೆ ಬೆಂಗಳೂರಿಗೆ ನೌಕರಿಗೆ. ಗೆಳೆಯರದ್ದು ಒಂದೇ ಸಲಹೆ: “ಓಡೋ ಆಟ ಒಂದು ಕಾಪಿ ಹೊಡಿ, ಮ್ಯಾಲ ಕನ್ನಡ ಹೆಸರು ಹಚ್ಚು, ನಡೀತದ.” ಅವನು ಹಿಡಿದಿರೋದು ಆಡು-ಹುಲಿ. ಶಹಾಬಾದ್ ಫರ್ಸಿ ಮೇಲೆ ಖಡುವಿನಲ್ಲಿ ಗೆರೆ ಎಳೆದು ಹರಳು ಇಟ್ಟು ಆಡ್ತಿದ್ವಲ್ಲ, ಅದೇ. ಆಡುಗಳು ಹಿಂಡುಗಟ್ಟಿ ಹುಲಿಗಳ ದಾರಿ ಕಟ್ಟಬೇಕು.

ಫೋನನ್ನ ಕೈಯಲ್ಲಿ ಹಿಡಿಯದೆ ಕಟ್ಟೆ ಮೇಲೆ ಮಲಗಿಸಿ ಇಬ್ಬರು ಎದುರುಬದುರು ಕೂತು ಆಡಬೇಕು ಅನ್ನೋದು ಅವನ ಲೆಕ್ಕ. ಒಂದಕ್ಷರವೂ ಇಲ್ಲ, ಓದೋದೇ ಬೇಡ. ಹೋದ ತಿಂಗಳು ಚಿಂಚೋಳಿಯಲ್ಲಿ ಫೋನ್ ಮುಟ್ಟದ ಅವನ ಅಜ್ಜನ ಮುಂದೆ ಇಟ್ಟನಂತೆ. ಅಜ್ಜ ಮೂರು ಆಟ ಗೆದ್ದು, “ನಿನ್ನ ಹುಲಿಗೆ ಬುದ್ಧಿ ಇಲ್ಲಲೇ ತಮ್ಮಾ” ಅಂದರಂತೆ :-)

ಮಾರಾಟ ಆಗುತ್ತೋ ಇಲ್ಲವೋ, ಗಡುವಿಗೆ ಇನ್ನು ಐದು ತಿಂಗಳಿದೆ. ಊರೂರಿಗೆ ಆಡು-ಹುಲಿಯ ಮನೆಗಳೂ ನಿಯಮಗಳೂ ಬೇರೆ ಬೇರೆ ಅಂತ ಕೇಳಿ ಬರ್ಕೊಳ್ತಿದ್ದಾನೆ. ನಿಮ್ಮ ಕಡೆ ಎಷ್ಟು ಹುಲಿ, ಎಷ್ಟು ಆಡು? ತಿಳಿದವರು ಹೇಳಿ, ಅವನಿಗೆ ಮುಟ್ಟಿಸ್ತೀನಿ.