24,000 ರಟ್ಟುಗಳಲ್ಲಿ ಒಂದು ಮುಖ

ಮೆಟ್ಟಿಲು ಹತ್ತುತ್ತಿದ್ದಂತೆಯೇ ಮಗ್ಗದ ಸದ್ದು ಎದುರಾಗುತ್ತದೆ. ಇದು 1839ರ ಲಿಯೋನ್, ಫ್ರಾನ್ಸಿನ ರೇಷ್ಮೆ ನೇಕಾರರ ಊರು. ಒಳಗೆ ಕಾಲಿಟ್ಟರೆ ಚಾವಣಿ ತೀರಾ ಎತ್ತರ. ಮಗ್ಗದ ನೆತ್ತಿಯ ಮೇಲೆ ಕೂತಿರುವ ಯಂತ್ರಕ್ಕೆ ಅಷ್ಟು ಜಾಗ ಬೇಕು. ಅದರ ಪಕ್ಕದಲ್ಲಿ, ಒಂದಕ್ಕೊಂದು ದಾರದಿಂದ ಹೊಲಿದ ತೂತುರಟ್ಟುಗಳ ಉದ್ದನೆಯ ಸರ ಇಳಿಬಿದ್ದಿದೆ.

ನೇಯುತ್ತಿರುವವರು ಮಿಶೆಲ್-ಮಾರಿ ಕಾರ್ಕಿಯಾ. ಅವರು ಕಾಲಡಿಯ ಹಲಗೆ ತುಳಿದಾಗ ಮೇಲೆ ಒಂದು ರಟ್ಟು ತಿರುಗಿ ಬಂದು ಸೂಜಿಗಳ ಸಾಲಿಗೆ ಒತ್ತಿಕೊಳ್ಳುತ್ತದೆ. ತೂತು ಸಿಕ್ಕ ಸೂಜಿ ಅದರೊಳಗೆ ನುಗ್ಗುತ್ತದೆ. ಅದರ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹಾಯುತ್ತದೆ, ಹೊಕ್ಕು ಬೀಳುತ್ತದೆ. ಮತ್ತೆ ತುಳಿತ, ಮುಂದಿನ ರಟ್ಟು.

ಹಿಂದೆ ಎಳೆ ಎತ್ತಲು ಒಬ್ಬ ಹುಡುಗ ಬೇಕಿತ್ತು. ಯಾವ ಹೊಕ್ಕಿಗೆ ಯಾವ ಹಗ್ಗವೋ ಅದನ್ನೇ ದಿನವಿಡೀ ಎಳೆಯುತ್ತಿದ್ದ. 1725ರಲ್ಲಿ ಬಾಸಿಲ್ ಬೂಶೋನ್ ಈ ಕೆಲಸಕ್ಕಾಗಿ ಕಾಗದದ ಸುರುಳಿಗೆ ತೂತು ಹೊಡೆದರು. ಆಮೇಲೆ ಫಾಲ್ಕೋನ್ ಸುರುಳಿಯ ಬದಲು ರಟ್ಟು ತಂದರು. 1804ರ ಹೊತ್ತಿಗೆ ಜೋಸೆಫ್-ಮಾರಿ ಜಕಾರ್ಡ್ ಹಿಂದಿನವರ ಉಪಾಯಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಿದರು. ಹುಡುಗನ ಕೆಲಸ ರಟ್ಟಿಗೆ ಬಂತು.

ಈಗ ಬಟ್ಟೆಯ ಮೇಲೆ ಬಾಗಿ ನೋಡಿ. ಕಪ್ಪು-ಬಿಳುಪು ರೇಷ್ಮೆಯಲ್ಲಿ ಮೂಡುತ್ತಿರುವ ಮುಖ ಅದೇ ಜಕಾರ್ಡ್ ಅವರದು. ತೀರಿಕೊಂಡು ಐದು ವರ್ಷವಾಗಿದೆ. ಈ ಒಂದು ಚಿತ್ರಕ್ಕೆ ಸುಮಾರು 24,000 ರಟ್ಟು. ಈ ಸರ ಬಿಚ್ಚಿ ಬೇರೆಯದನ್ನು ಕಟ್ಟಿದರೆ ಅದೇ ಮಗ್ಗ ಹೂಬಳ್ಳಿ ನೇಯುತ್ತದೆ. ಮಗ್ಗದ ಒಂದು ಮೊಳೆಯನ್ನೂ ಅಲುಗಿಸಬೇಕಾಗಿಲ್ಲ.

ಕಡಲು ದಾಟಿ ಲಂಡನ್ನಿನ ಡಾರ್ಸೆಟ್ ಬೀದಿಗೆ ಬನ್ನಿ. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಮನೆಯಲ್ಲಿ ಇದೇ ಚಿತ್ರ, ಚೌಕಟ್ಟು ಗಾಜುಗಳೊಳಗೆ. ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಇಬ್ಬರು ಸದಸ್ಯರೇ ಇದನ್ನು ಅಚ್ಚಿನ ಚಿತ್ರವೆಂದುಕೊಂಡಿದ್ದರು. ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರ ಅನಲಿಟಿಕಲ್ ಇಂಜಿನ್ನಿಗೂ ರಟ್ಟುಗಳನ್ನೇ ಆರಿಸಿಕೊಂಡರು: ಕೆಲವು ಕೂಡು, ಗುಣಿಸು ಎನ್ನುತ್ತವೆ, ಕೆಲವು ಯಾವ ಸಂಖ್ಯೆಗಳನ್ನು ಎಂದು ತೋರಿಸುತ್ತವೆ. ಆ ಯಂತ್ರ ಪೂರ್ತಿಯಾಗಲೇ ಇಲ್ಲ. ಆದರೂ 1843ರಲ್ಲಿ ಗಣಿತಜ್ಞೆ ಏಡಾ ಲವ್‌ಲೇಸ್ ಅದಕ್ಕಾಗಿ ಬರ್ನೂಲಿ ಸಂಖ್ಯೆಗಳ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಬರೆದು ಪ್ರಕಟಿಸಿದರು.

ಮಾಡುವ ಯಂತ್ರ ಒಂದು, ಮಾಡಬೇಕಾದ್ದರ ಬರಹ ಇನ್ನೊಂದು. ಇಂದಿನ ಪ್ರತಿ ಕಂಪ್ಯೂಟರೂ ನಿಂತಿರುವುದು ಈ ವಿಂಗಡಣೆಯ ಮೇಲೆ. ಗಣಿತಜ್ಞರು ಅದನ್ನು ಲೆಕ್ಕಕ್ಕೆ ತರುವ ಮೊದಲೇ ನೇಕಾರರು ಅದರಲ್ಲಿ ದುಡಿದು ಹೊಟ್ಟೆ ಹೊರೆಯುತ್ತಿದ್ದರು. ಕಂಪ್ಯೂಟರಿನ ಚರಿತ್ರೆ ಅವರಿಂದಲೇ ಶುರುವಾಗಬೇಕು.