ಓಟದ ಮೇಷ್ಟ್ರು

ಕಾಲೇಜಿನಲ್ಲಿ ಕಾವ್ಯವನ್ನು ಬೋಧಿಸುವ ಅಧ್ಯಾಪಕನಿಗೆ ತನ್ನ ಪಾಠ ಫಲಿಸಿತೋ ಇಲ್ಲವೋ ಎಂಬುದು ತಿಳಿಯಲು ವರ್ಷಗಳೇ ಬೇಕು. ತಿಳಿಯದೆಯೇ ನಿವೃತ್ತನಾಗುವ ಸೌಭಾಗ್ಯವೂ ಉಂಟು. ಅದೇ ಕಾಲೇಜಿನಲ್ಲಿ ನೂರು ಮೀಟರ್ ಓಟವನ್ನು ಕಲಿಸುವವನಿಗೆ ಆ ಸೌಭಾಗ್ಯವಿಲ್ಲ. ಅವನ ಇಡೀ ವರ್ಷದ ಪಾಠ ಹನ್ನೊಂದು ಸೆಕೆಂಡುಗಳಲ್ಲಿ, ಎಲ್ಲರ ಕಣ್ಣೆದುರಿಗೇ, ಪರೀಕ್ಷೆಗೆ ಒಳಗಾಗುತ್ತದೆ.

ದಾವಣಗೆರೆ ಎಂದೊಡನೆ ವಾಚಕರಿಗೆ ನೆನಪಾಗುವುದು ಬೆಣ್ಣೆದೋಸೆ, ಒಂದು ಕಾಲದ ಹತ್ತಿಯ ಗಿರಣಿಗಳು, ಸಾಲುಸಾಲು ಕಾಲೇಜುಗಳು. ಆ ಕಾಲೇಜುಗಳ ಮೈದಾನದಲ್ಲಿ ಬೆಳಗಿನ ಮಬ್ಬಿನಲ್ಲೇ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿರುವ ವ್ಯಕ್ತಿ ನೆನಪಾಗುವುದು ಅಪರೂಪ. 1980ರ ದಶಕದ ಆದಿಯಲ್ಲಿ ಈ ವೃತ್ತಿಗೆ ಸೇರಿದವನು ತನ್ನ ಹುಡುಗರನ್ನು ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಕ್ರೀಡಾಕೂಟಕ್ಕೆ ಕರೆದೊಯ್ದ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅಲ್ಲಿಗೆ. 2009ರಲ್ಲಿ ದಾವಣಗೆರೆಗೇ ವಿಶ್ವವಿದ್ಯಾನಿಲಯ ಬಂತು. ನಡುವೆ, 1997ರಲ್ಲಿ, ಊರು ಚಿತ್ರದುರ್ಗವನ್ನು ಬಿಟ್ಟು ತಾನೇ ಜಿಲ್ಲೆಯಾಯಿತು. ವಿಶ್ವವಿದ್ಯಾನಿಲಯ ಬದಲಾಯಿತು, ಜಿಲ್ಲೆ ಬದಲಾಯಿತು. ನೂರು ಮೀಟರು ಮಾತ್ರ ನೂರೇ ಆಗಿ ಉಳಿಯಿತು.

ಓಟದಲ್ಲಿ ಕಲಿಸುವುದೇನಿದೆ ಎಂದು ಕೇಳುವವರುಂಟು. ಪಿಸ್ತೂಲಿನ ಸದ್ದಾದ ಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಕಳೆಯುವ ಮುನ್ನ ಹೊರಟರೆ, ಅದು ಕಿವಿಯ ಕೆಲಸವಲ್ಲ, ಊಹೆಯ ಕೆಲಸವೆಂದು ನಿಯಮ ಹೇಳುತ್ತದೆ. 2010ರಿಂದೀಚೆಗೆ ದೊಡ್ಡ ಕೂಟಗಳಲ್ಲಿ ಅಂಥ ಒಂದೇ ತಪ್ಪಿಗೆ ಓಟಗಾರ ಹೊರಗೆ. ಆದ್ದರಿಂದ ಮೊದಲ ಪಾಠ ಓಡುವುದಲ್ಲ, ಕಾಯುವುದು. ಎರಡನೆಯ ಪಾಠ ಇನ್ನೂ ವಿಚಿತ್ರವಾದದ್ದು. ಗೆಲ್ಲುವವನು ಕೊನೆಯಲ್ಲಿ ವೇಗ ಹೆಚ್ಚಿಸಿ ಮುನ್ನುಗ್ಗುತ್ತಾನೆಂದು ಪ್ರೇಕ್ಷಕರ ನಂಬಿಕೆ. ನಿಜವಾಗಿ ಕಾಲೇಜು ಹುಡುಗನ ಪರಮವೇಗ ನಲವತ್ತು ಐವತ್ತು ಮೀಟರಿಗೇ ಬಂದು ಮುಗಿಯುತ್ತದೆ; ಒಲಿಂಪಿಕ್ ವೀರನದು ಅರವತ್ತರ ಆಸುಪಾಸಿನಲ್ಲಿ. ಆಮೇಲೆ ಎಲ್ಲರೂ ನಿಧಾನವಾಗುವವರೇ. ಹೆಗಲು ಬಿಗಿಯದೆ, ಮುಖ ಗಂಟಿಕ್ಕದೆ, ಎಲ್ಲರಿಗಿಂತ ಕಡಿಮೆ ನಿಧಾನವಾದವನು ಗೆಲ್ಲುತ್ತಾನೆ.

ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಿಂದ ಬಸ್ಸಿನಲ್ಲೋ ರೈಲಿನಲ್ಲೋ ಬರುವ ಹುಡುಗನಿಗೆ ತುಂಗಭದ್ರೆಯ ದಂಡೆಯ ಮರಳೇ ವ್ಯಾಯಾಮಶಾಲೆ. ಮರಳಿನಲ್ಲಿ ಓಡಿದ ಕಾಲಿಗೆ ಮೈದಾನ ಹಗುರ. ಆದರೆ ಮರಳಿಗಿಂತ ಭಾರವಾದದ್ದು ಮನೆಯವರ ಪ್ರಶ್ನೆ: “ಮೇಷ್ಟ್ರೇ, ಓಡಿದ್ರೆ ಹೊಟ್ಟೆ ತುಂಬತೈತೇನ್ರೀ?” ಅದು ತಪ್ಪು ಪ್ರಶ್ನೆಯಲ್ಲ. ಪದವಿಗಿರುವುದು ಮೂರೇ ವರ್ಷ. ಕೂಟ ಮತ್ತು ಪರೀಕ್ಷೆ ಒಂದರ ಬೆನ್ನಿಗೊಂದು ಬರುತ್ತವೆ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಕಟ್ಟಿದ ಹರಿಹರೇಶ್ವರನ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಓದುವ ಹುಡುಗನೂ ಓಡುವ ಹುಡುಗನೂ ಒಂದೇ ದೇಹದಲ್ಲಿ ನಿಲ್ಲುವಂತೆ ಮಾಡುವುದು ಮೇಷ್ಟ್ರ ಪಾಲಿಗೆ ಬಂದ ಶಿಲ್ಪ.

ಈ ಶಿಲ್ಪಿಗೆ ಹೆಸರು ಬರುವುದು ವಿರಳ. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿದರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ತಂಡದೊಡನೆ ಕಂಚು ತಂದರು. ಅಂಥವರನ್ನು ಬಲ್ಲ ಮನೆಗಳಲ್ಲೂ ಓಟ ಕಲಿಸಿದವರು ಯಾರೆಂದರೆ ಮೌನವೇ ಉತ್ತರ. ಅರ್ಜುನನಿಗೆ 1961ರಲ್ಲೇ ಪ್ರಶಸ್ತಿ ಹುಟ್ಟಿತು. ದ್ರೋಣಾಚಾರ್ಯನ ಹೆಸರಿನ ಪ್ರಶಸ್ತಿಗೆ 1985ರವರೆಗೆ ಕಾಯಬೇಕಾಯಿತು. ಆ ವರ್ಷ ಅದನ್ನು ಪಡೆದವರಲ್ಲಿ ಪಿ. ಟಿ. ಉಷಾ ಅವರ ಗುರು ಓ. ಎಂ. ನಂಬಿಯಾರ್ ಒಬ್ಬರು. ಅದರ ಹಿಂದಿನ ವರ್ಷ ಲಾಸ್ ಏಂಜಲೀಸಿನಲ್ಲಿ ಶಿಷ್ಯೆ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡಾಗ, ಆ ಸೋಲಿನಲ್ಲಿ ಗುರುವಿಗೂ ಪಾಲಿತ್ತು.

ದಾವಣಗೆರೆಯ ಮೇಷ್ಟ್ರಿಗೆ ಅಷ್ಟು ದೊಡ್ಡ ಸೋಲೂ ದಕ್ಕುವುದಿಲ್ಲ. ಹುಡುಗ ಸುಧಾರಿಸುವ ಹೊತ್ತಿಗೆ ಪದವಿ ಮುಗಿದಿರುತ್ತದೆ. ಪೊಲೀಸಿಗೋ ರೈಲ್ವೆಗೋ ಅಪ್ಪನ ಅಂಗಡಿಗೋ ಅವನು ಹೊರಟುಹೋಗುತ್ತಾನೆ. ಮೇಷ್ಟ್ರು ಮತ್ತೆ ಹೊಸ ಹುಡುಗನಿಗೆ ಕಾಯುವುದನ್ನು ಕಲಿಸಲು ತೊಡಗುತ್ತಾರೆ. ಮೊದಲ ಐದು ವರ್ಷದ ಹುಮ್ಮಸ್ಸು ಯಾರಿಗೂ ಉಳಿಯದು. ಇಪ್ಪತ್ತೈದನೆಯ ವರ್ಷದಲ್ಲೂ ಬೆಳಗಿನ ಐದೂವರೆಗೆ ಮೈದಾನದಲ್ಲಿರುವವರು ತಮ್ಮ ಎರಡನೆಯ ಪಾಠವನ್ನು ತಾವೇ ಚೆನ್ನಾಗಿ ಕಲಿತವರು.