ಭಂಡಾರ ಬಣ್ಣದ ಬಂಡಿ

ಜೇಜುರಿಗೆ ಬಿಳಿ ಕಾರಿನಲ್ಲಿ ಹೋದವರು ಹಳದಿ ಕಾರಿನಲ್ಲಿ ಹಿಂತಿರುಗುತ್ತಾರೆ. ನಾವು ಮಾತ್ರ ಹಳದಿಯಲ್ಲೇ ಹೋಗಿ ಹಳದಿಯಲ್ಲೇ ಬಂದವರು. ಬೆಟ್ಟದ ಬುಡದ ಬಯಲಿನಲ್ಲಿ ಖಂಡೋಬನ ಭಂಡಾರ ಎರಚಿಸಿಕೊಂಡು ನಿಂತ ನೂರು ಗಾಡಿಗಳ ನಡುವೆ, ಅರಿಶಿನ ಬೀಳುವ ಮೊದಲೇ ಅರಿಶಿನದ ಬಣ್ಣದಲ್ಲಿದ್ದದ್ದು ನಮ್ಮ ನ್ಯಾನೊ ಒಂದೇ. ಆದರೆ ದರ್ಶನ ಮುಗಿಸಿ ಕೆಳಗಿಳಿದು ಬರುವಷ್ಟರಲ್ಲಿ ಎಲ್ಲ ಗಾಡಿಗಳೂ ನಮ್ಮವೇ ಆಗಿಬಿಟ್ಟಿರುತ್ತಿದ್ದವು. ಒಮ್ಮೆ ಅವ್ವ ಯಾರದೋ ಕಾರಿನ ಬಾಗಿಲು ಜಗ್ಗಿ, ಒಳಗೆ ಕೂತು ಪೇರಲಹಣ್ಣು ತಿನ್ನುತ್ತಿದ್ದ ಸಂಸಾರವನ್ನು, "ನೀವ್ಯಾರ್ರಿ, ನಮ್ಮ ಗಾಡ್ಯಾಗ?" ಎಂದು ಗದರಿಸಿದ್ದಳು.

ಗದರಿಸಿದ್ದು ಕನ್ನಡದಲ್ಲಿ. ಅದರಲ್ಲಿ ತಪ್ಪೇನೂ ಇಲ್ಲವೆಂದು ಅಪ್ಪ ವಾದಿಸಿದ್ದರು. ಬೆಟ್ಟದ ಮೇಲಿನ ದೇವರೇ ಕನ್ನಡದವನಲ್ಲವೇ? ಮಹಾರಾಷ್ಟ್ರದ ಖಂಡೋಬ ನಮ್ಮ ಮೈಲಾರಲಿಂಗನೇ ಎಂಬುದು ಇಂಡಿ ತಾಲೂಕಿನ ನಿವೃತ್ತ ಕನ್ನಡ ಸಾಲಿ ಮಾಸ್ತರರಾದ ಅಪ್ಪನಿಗೆ ಮಗ್ಗಿಯಷ್ಟೇ ಖಚಿತ. ಸಾಕ್ಷಿ ಬೇಕೆಂದವರಿಗೆ ಬೆರಳು ಮಡಚಿ ಎಣಿಸಿ ಕೊಡುತ್ತಿದ್ದರು. ಜೇಜುರಿಯ ಮೆಟ್ಟಿಲ ಮೇಲೆ ಮರಾಠಿ ಭಕ್ತರು ಗಂಟಲು ಹರಿಯುವಂತೆ ಕೂಗುವ "ಯೇಳಕೋಟ ಯೇಳಕೋಟ ಜಯ ಮಲ್ಹಾರ"ದಲ್ಲಿ ಯೇಳಕೋಟ ಎಂದರೆ ನಮ್ಮ ಏಳು ಕೋಟಿ. ಖಂಡೋಬನ ಪ್ರಧಾನಿ ಹೆಗಡಿ ಎಂದರೆ ನಮ್ಮ ಹೆಗ್ಗಡೆ. "ಮಂತ್ರಿನೂ ನಮ್ಮಾಂವ, ಘೋಷಣಾನೂ ನಮ್ದು, ಆದರ ಬಸ್ಸಿನ ಬೋರ್ಡ್ ಅಷ್ಟ ಮರಾಠಿ" ಎಂದು ಅಪ್ಪ ನಗುತ್ತಿದ್ದರು. ಹೂವಿನಹಡಗಲಿ ತಾಲೂಕಿನ ಮೈಲಾರಕ್ಕೆ ಭಾರತ ಹುಣ್ಣಿಮೆಗೆ ಹೋಗಿ, ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಎಷ್ಟೋ ಸಲ ಕೇಳಿ ಬಂದವರು ಅವರು. "ಅವನ ಮರಾಠಿ ಮನಿ ಒಂದು ನೋಡೋದೈತಿ" ಎಂಬುದು ಉಳಿದಿದ್ದ ಆಸೆ.

ಆ ಆಸೆ ನನ್ನ ಆಸೆಗೆ ತಳುಕು ಹಾಕಿಕೊಂಡದ್ದು 2009ರಲ್ಲಿ. ನನಗಾಗ ಇಪ್ಪತ್ತೆಂಟು. ಪುಣೆಯ ಭೋಸರಿಯಲ್ಲಿ ಸಣ್ಣ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ, ಹೊಸ ಮದುವೆ, ಹಳೆಯ ಬೈಕು. ಹಿಂದಿನ ವರ್ಷದ ಜನವರಿ 10ರಂದು ರತನ್ ಟಾಟಾ ದೆಹಲಿಯ ವಾಹನ ಮೇಳದಲ್ಲಿ ಒಂದು ಲಕ್ಷದ ಕಾರು ತೋರಿಸಿದಾಗಿನಿಂದ ಪಿಂಪ್ರಿಯ ಚಹಾ ಅಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ಕಾರು ಕಣ್ಣು ತೆರೆದದ್ದು ನಮ್ಮ ಪುಣೆಯ ಕಾಗದ-ಕಂಪ್ಯೂಟರಿನ ಮೇಲೆಯೇ ಅಲ್ಲವೇ! ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುವ ಸಂಸಾರ, ಮುಂದೆ ನಿಂತ ಮಗು, ಹಿಂದೆ ಕೂಸನ್ನೆತ್ತಿಕೊಂಡ ಹೆಂಡತಿ: ಇದನ್ನು ಕಂಡು ಈ ಕಾರಿನ ಯೋಚನೆ ಬಂತೆಂದು ಟಾಟಾ ಹೇಳಿದ್ದನ್ನು ಪೇಪರಿನಲ್ಲಿ ಓದಿದ ಅಪ್ಪ ಕನ್ನಡಕ ತೆಗೆದು, "ಇವರು ಇಂಡಿಗೆ ಯಾವಾಗ ಬಂದಿದ್ರು?" ಅಂದರು. ನಮ್ಮ ಚೇತಕ್ ಮೇಲೆ ನಾನು ಮುಂದೆ ನಿಲ್ಲುತ್ತಿದ್ದೆ, ತಮ್ಮ ಅವ್ವನ ತೊಡೆಯ ಮೇಲೆ. ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಪುಣೆಯ ಆಕುರ್ಡಿಯಲ್ಲಿ ತಯಾರಿಸಿದ ಆ ಸ್ಕೂಟರಿನ ಮುಂಭಾಗದಲ್ಲಿ ನಿಂತು ನಾನು ನುಂಗಿದ ನುಸಿಗಳಿಗೆ ಲೆಕ್ಕವಿಲ್ಲ.

ಕಾರಿಗೂ ಅಲೆದಾಟ ತಪ್ಪಲಿಲ್ಲ. ಬಂಗಾಳದ ಸಿಂಗೂರಿನಲ್ಲಿ ಜಮೀನಿನ ಜಗಳವಾಗಿ 2008ರ ಅಕ್ಟೋಬರಿನಲ್ಲಿ ಕಾರ್ಖಾನೆ ಗುಜರಾತಿನ ಸಾಣಂದಕ್ಕೆ ಹೊರಟಿತು. ನಡುವೆ ನಮ್ಮ ಕರ್ನಾಟಕವೂ ಧಾರವಾಡದ ಹತ್ತಿರ ಜಾಗ ಕೊಡುತ್ತೇವೆ ಬನ್ನಿ ಎಂದು ಕರೆದಿತ್ತು. ನಾಲ್ಕು ದಿನ ಅಪ್ಪನ ಮುಖದಲ್ಲಿ ಗಂಡಿನ ಕಡೆಯವರನ್ನು ಕಾಯುವ ಕಳೆ. ಸಾಣಂದ ಗೊತ್ತಾದ ದಿನ ಫೋನ್ ಮಾಡಿ, "ಹೋತು ನೋಡಪಾ, ವರ ಗುಜರಾತಿಗೆ ಗೊತ್ತಾತು" ಅಂದರು.

2009ರ ಏಪ್ರಿಲಿನಲ್ಲಿ ಬುಕಿಂಗ್ ತೆರೆದರು. ಎರಡು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಮೊದಲ ಒಂದು ಲಕ್ಷ ಮಂದಿಯನ್ನು ಚೀಟಿ ಎತ್ತಿ ಆರಿಸಿದರು. ಎತ್ತಿದ್ದು ಕಂಪ್ಯೂಟರ್, ಆದರೂ ಅವ್ವ ಮೈಲಾರಲಿಂಗನಿಗೆ ಹರಕೆ ಹೊತ್ತಳು. ಚೀಟಿ ಬಂತು. ನನ್ನ ಮನಸ್ಸಿನಲ್ಲಿದ್ದದ್ದು ಬೆಳ್ಳಿ ಬಣ್ಣ. ಅದರಲ್ಲಿ ಕಾರು ಸ್ವಲ್ಪ ದೊಡ್ಡದಾಗಿಯೂ ನಾನು ಸ್ವಲ್ಪ ಗಂಭೀರನಾಗಿಯೂ ಕಾಣುತ್ತೇವೆಂಬ ಲೆಕ್ಕ. ಅಪ್ಪ ಹಳದಿಯ ಮೇಲೆ ಬೆರಳಿಟ್ಟರು. "ಹರಕಿ ಅವಂದು, ಬಣ್ಣಾನೂ ಅವಂದ ಇರಲಿ." ತೆರಿಗೆ, ವಿಮೆ, ಎ.ಸಿ. ಎಲ್ಲ ಸೇರಿ ಒಂದು ಲಕ್ಷದ ಕಾರು ಎರಡು ಲಕ್ಷದ ಹತ್ತಿರಕ್ಕೆ ಬಂದು ಮನೆ ಮುಂದೆ ನಿಂತಿತು. ಅದೇ ಚಳಿಗಾಲದಲ್ಲಿ ಬಜಾಜ್‌ನವರು ಇನ್ನು ಸ್ಕೂಟರ್ ಮಾಡುವುದಿಲ್ಲವೆಂದರು. ಅಪ್ಪ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆ ಕಾರಿನಲ್ಲಿ ಎಲ್ಲವೂ ಉಲ್ಟಾ. ಇಂಜಿನ್ ಹಿಂದೆ. ಹಿಂಬಾಗಿಲು ಇದ್ದಂತೆ ಕಾಣುತ್ತದೆ, ತೆರೆಯುವುದಿಲ್ಲ. ಸಾಮಾನು ಇಡಬೇಕೆಂದರೆ ಒಳಗಿನಿಂದ ಸೀಟು ಮಡಚಬೇಕು. ಚಕ್ರಕ್ಕೆ ಮೂರೇ ನಟ್ಟು, ಗಾಜಿಗೆ ಒಂದೇ ವೈಪರ್. ಪೆಟ್ರೋಲ್ ಹಾಕುವುದು ಮುಂದಿನ ಬಾನೆಟ್ ಎತ್ತಿ. ಹಡಪಸರದ ಪಂಪಿನ ಹುಡುಗ ಬಾನೆಟ್ಟಿನೊಳಗೆ ಇಣುಕಿ ಗಾಬರಿಯಾಗಿ, "ಸಾಹೇಬ, ಇಂಜನ್ ಕುಠೇ?" ಎಂದು ಕೇಳಿದ. ಇವರ ಇಂಜಿನ್ ಯಾರೋ ಕದ್ದಿದ್ದಾರೆ, ಪಾಪ ಇವರಿಗೆ ಇನ್ನೂ ಗೊತ್ತಿಲ್ಲ ಎನ್ನುವ ಮುಖ. ಇನ್ನು ವೇಗ ತೋರಿಸುವ ಮೀಟರು ಇರುವುದು ಡ್ರೈವರನ ಮುಂದಲ್ಲ, ನಟ್ಟನಡುವೆ, ಊರಿಗೆಲ್ಲ ಕಾಣುವಂತೆ. ಹಿಂದೆ ಕೂತ ಅವ್ವ ಅದರ ಮೇಲೆ ಕಣ್ಣಿಟ್ಟು, "ನಲವತ್ತಾತು... ನಲವತ್ತೈದಾತು... ತಮ್ಮಾ!" ಎಂದು ಕಾರಣಿಕ ನುಡಿಯುತ್ತಿದ್ದಳು. ಬಿಲ್ಲೊಂದು ಕಡಿಮೆ.

ಹರಕೆ ತೀರಿಸಲು ಒಂದು ರವಿವಾರ ನಾವು ನಾಲ್ವರು ಹೊರಟೆವು. ಪುಣೆಯಿಂದ ಜೇಜುರಿ ಸುಮಾರು ಐವತ್ತು ಕಿಲೊಮೀಟರು. ಹಡಪಸರದ ಸಿಗ್ನಲ್ಲಿನಲ್ಲಿ ಗಂಟು ಹೊತ್ತ ಅಜ್ಜನೊಬ್ಬ ಹಳದಿ ನೋಡಿ ರಿಕ್ಷಾ ಎಂದುಕೊಂಡು ಕೈ ಮಾಡಿ, "ಸಾಸವಡ ಯೇಣಾರ ಕಾ?" ಎಂದ. ಹೆಂಡತಿ ಕಿಟಕಿ ಏರಿಸಿದಳು. ಕಾರು ಕೊಂಡ ಸಂಭ್ರಮಕ್ಕೆ ಹಾಕಿಕೊಂಡಿದ್ದ ನನ್ನ ಕಪ್ಪು ಕನ್ನಡಕವನ್ನು ನಾನೇ ತೆಗೆದಿಟ್ಟೆ. ಅಪ್ಪ ಮಾತ್ರ, "ಜಾಗಾ ಇದ್ದಿದ್ರ ಕರಕೊಂಡ ಹೋಗಬಹುದಿತ್ತು" ಅಂದರು.

ದಿವೆ ಘಾಟು ಬಂತು. ಆಷಾಢ ಏಕಾದಶಿಗೆಂದು ಹೊರಟ ಜ್ಞಾನೇಶ್ವರರ ಪಾಲಖಿಯ ರಥಕ್ಕೂ ಈ ಏರಿನಲ್ಲಿ ಹೆಚ್ಚಿನ ಎತ್ತಿನ ಜೋಡಿ ಹೂಡುತ್ತಾರೆ. ನಮ್ಮದು 624 ಸಿ.ಸಿ., 35 ಅಶ್ವಶಕ್ತಿ. "ಇಬ್ಬರು ಹೆಂಡರ ಗಂಡ ಖಂಡೋಬ ಒಂದು ಕುದುರಿ ಮ್ಯಾಲ ಸಂಸಾರ ಮಾಡ್ಯಾನ. ನಮಗ ಮೂವತ್ತೈದು ಅದಾವ, ಹೆದರಬ್ಯಾಡ" ಎಂದು ಅಪ್ಪ ಧೈರ್ಯ ಹೇಳಿದರು. ಎರಡನೇ ಗೇರಿನಲ್ಲಿ ಹೊಲಿಗೆ ಯಂತ್ರದಂತೆ ಗುರುಗುಟ್ಟುತ್ತ ಕಾರು ಏರಿತು. ಕೆಳಗೆ ಮಸ್ತಾನಿ ತಲಾವು ಕನ್ನಡಿಯ ಚೂರಿನಂತೆ ಮಿನುಗಿ ಮರೆಯಾಯಿತು. ಖಂಡೋಬನಿಗೆಂದು ತಂದ ತೆಂಗಿನಕಾಯಿ ತಿರುವು ತಿರುವಿಗೂ ಸೀಟಿನ ಕೆಳಗೆ ಆಚೆಯಿಂದ ಈಚೆ ಉರುಳುತ್ತ ಐದನೆಯ ಪ್ರಯಾಣಿಕನಂತೆ ನಮ್ಮ ಜೊತೆ ಬಂತು.

ಕವಿ ಅರುಣ ಕೊಲಟ್ಕರ್ ಜೇಜುರಿಯನ್ನು ಕಂಡು ಬರೆದ ಇಂಗ್ಲಿಷ್ ಪುಸ್ತಕ 1976ರಲ್ಲಿ ಬಂತು, ಮರುವರ್ಷವೇ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಪಡೆಯಿತು. ಅದು ಆರಂಭವಾಗುವುದು ಸರ್ಕಾರಿ ಬಸ್ಸಿನಿಂದ. ಬಸ್ಸಿನಲ್ಲಿ ಬಂದವರಿಗೆ ಸಂಶಯಪಡಲು ಪುರಸೊತ್ತು ಇರುತ್ತದೆ ಎಂದು ನನಗನಿಸುತ್ತದೆ. ಹೊಸ ಕಾರಿನಲ್ಲಿ ಬಂದವನು ಭಕ್ತನಾಗದೆ ವಿಧಿಯಿಲ್ಲ. ಕಾರು ಹೊರಗೆ ನಿಂತಿರುತ್ತದೆ.

ಮೆಟ್ಟಿಲ ಬಳಿ ಇನ್ನೊಂದು ಪೇಚು ಕಾದಿತ್ತು. ಜೇಜುರಿಗೆ ಬಂದ ಹೊಸ ಗಂಡ ಹೊಸ ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲಾದರೂ ಏರಬೇಕು, ಅಲ್ಲಿಯ ಪದ್ಧತಿ. ಸುತ್ತ ನಾಲ್ಕಾರು ಮರಾಠಿ ಮದುಮಕ್ಕಳು ನಗುತ್ತ ಏರುತ್ತಿದ್ದರು. ಹೂವಿನ ಅಂಗಡಿಯವಳು ನನ್ನನ್ನೂ ಬಿಡಲಿಲ್ಲ. ಅಪ್ಪ ದೀಪಮಾಲೆಯ ಶಿಲ್ಪದಲ್ಲಿ ಒಮ್ಮೆಗೇ ಆಸಕ್ತಿ ಬಂದವರಂತೆ ಬೆನ್ನು ತಿರುಗಿಸಿ ನಿಂತರು. ನಾನು ಎತ್ತಿದೆ. ಮೂರು ಮೆಟ್ಟಿಲು ನಗುತ್ತ, ನಾಲ್ಕನೆಯದು ನಗದೆ, ಐದನೆಯದು ಕಣ್ಣು ಮುಚ್ಚಿ. ಇಳಿಸಿದಾಗ ಹೆಂಡತಿ ಕಿವಿಯಲ್ಲಿ, "ಘಾಟಿನಾಗ ಗಾಡಿ ನಿಮ್ಮಕಿಂತ ಕಡಿಮಿ ಏದುಸಿರು ಬಿಟ್ತು" ಅಂದಳು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, ಯಾರಿಗೂ ಹೇಳದಂತೆ ಎಲ್ಲರಿಗೂ ಹೇಳಿದಳು: "ನಿಮ್ಮಪ್ಪ ಮದುವ್ಯಾಗ ಒಮ್ಮೆ ಕೈ ಹಿಡಿದಾರ. ಅದೂ ಭಟ್ಟರು ಹೇಳಿದ್ರು ಅಂತ."

ಗಡದ ಮೇಲೆ ನಿಂತರೆ ಕಲ್ಲಿಗೂ ಬಣ್ಣ ಯಾವುದೆಂದು ಮರೆತುಹೋಗಿರುತ್ತದೆ. ಕಮಾನು, ಹಿತ್ತಾಳೆಯ ಆಮೆ, ಜನರ ಹುಬ್ಬು, ನಾಯಿಯ ಬಾಲ, ಎಲ್ಲ ಹಳದಿ. ಸೋನ್ಯಾಚಿ ಜೇಜುರಿ, ಚಿನ್ನದ ಜೇಜುರಿ ಎನ್ನುತ್ತಾರೆ. ದಸರೆಗೆ ಪೈಲವಾನರು ಎತ್ತಿ ತಿರುಗಿಸುವ 42 ಕಿಲೊ ತೂಕದ ಖಡ್ಗದ ಸುದ್ದಿ ಕೇಳಿ ಅಪ್ಪ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಸುಮ್ಮನಾದರು. ಇಳಿಯುವಾಗ ಅವರ ಮಂಡಿ ಹಿಡಿದುಕೊಂಡಿತು. ಬಾನಾಯಿಯ ಗುಡಿಯ ಹತ್ತಿರ ನಾನು ಕೈ ಚಾಚುವ ಮೊದಲೇ ಅವ್ವ ಹೆಗಲು ಕೊಟ್ಟಿದ್ದಳು. ನಾನು ಹಿಂದಿನಿಂದ ಮೆಟ್ಟಿಲು ಎಣಿಸಿದೆ. ಐದಕ್ಕಿಂತ ಬಹಳ ಜಾಸ್ತಿ.

ಕೆಳಗೆ ಕಾರಿನ ಪೂಜೆ. ಕಾಯಿ ಒಡೆದು, ಖೊಬ್ಬರಿ ಚೂರು ತೂರಿ, ಬಾನೆಟ್ಟಿಗೆ ಭಂಡಾರ ಹಚ್ಚಿದ್ದಾಯಿತು. ಹಳದಿಯ ಮೇಲೆ ಹಳದಿ, ಹಚ್ಚಿದ್ದು ಕಾಣಲೇ ಇಲ್ಲ. ಹರಕೆ ತೀರಿದ ಹಾಗೆ ಅಪ್ಪನಿಗೆ ಅನಿಸಲಿಲ್ಲ. ಮುಂದಿನ ಬಾಗಿಲು ತೆರೆದು, "ಏಳು ಕೋಟಿ ಏಳು ಕೋಟಿಗೋ!" ಎಂದು ಮೈಲಾರದ ದನಿಯಲ್ಲಿ ಕೂಗಿ, ಹಿಡಿ ತುಂಬ ಭಂಡಾರವನ್ನು ಡ್ಯಾಶ್‌ಬೋರ್ಡಿಗೆ ಬೀಸಿ ಎರಚಿದರು. ಅರ್ಧ ಗಾಳಿ ಬರುವ ಕಿಂಡಿಗಳಲ್ಲಿ ಇಳಿಯಿತು. ಸಾಸವಡ ದಾಟಿ ಬಿಸಿಲೇರಿದಾಗ ನಾನು ಬ್ಲೋವರ್ ಹಾಕಿದೆ. ಮುಂದಿನ ಒಂದು ನಿಮಿಷ ನಾವು ನಾಲ್ವರೂ ಗಡದ ಮೇಲೆಯೇ ಇದ್ದೆವು.

ಅಂದಿನಿಂದ ಆ ಕಾರಿನ ಉಸಿರೇ ಅರಿಶಿನ. ಜೊತೆಗೆ ಅಪ್ಪ ಪ್ರತಿ ವರ್ಷ ಬಂದು ಹೊಸ ಹಿಡಿ ತುಂಬುತ್ತಿದ್ದರು. ಸರ್ವಿಸ್ ಮಾಡುವ ಹುಡುಗ, ಮೊದಲು ಮಸಾಲೆ ಅಂಗಡಿಯವರ ಗಾಡಿಯಾಗಿತ್ತೇ ಎಂದು ಕೇಳಿದ್ದ. ನೆಗಡಿಯಾದಾಗ ಹೆಂಡತಿ ಆಸ್ಪತ್ರೆ ಬಿಟ್ಟು ಕಾರಿನಲ್ಲೊಂದು ಸುತ್ತು ಹಾಕೋಣ ಎನ್ನುತ್ತಿದ್ದಳು.

ಈ ನಡುವೆ ಕಾರು ತಯಾರಿಸಿದವರಿಗೆ ಅದು ಯಾರ ಕಾರು ಎಂಬ ಗೊಂದಲ ಶುರುವಾಗಿತ್ತು. ಸ್ಕೂಟರ್ ಸಂಸಾರಕ್ಕೆಂದು ಹುಟ್ಟಿದ್ದು ಕಾಲೇಜು ಹುಡುಗರ ಕಾರಾಗಲು ಹೊರಟಿತು. ಜಾಹೀರಾತಿನಲ್ಲಿ ಕುಣಿತ, ಗಾಢ ಬಣ್ಣ. 2014ರಲ್ಲಿ ಪವರ್ ಸ್ಟೀರಿಂಗಿನ ಟ್ವಿಸ್ಟ್, ಮರುವರ್ಷ ಹಿಂಬಾಗಿಲು ನಿಜವಾಗಿ ತೆರೆಯುವ, ಗೇರು ತಾನೇ ಬದಲಿಸಿಕೊಳ್ಳುವ ಜೆನ್‌ಎಕ್ಸ್. ಅಷ್ಟರಲ್ಲಿ ಹೊತ್ತು ಮೀರಿತ್ತು. ಅತಿ ಅಗ್ಗದ ಕಾರು ಎಂದು ಕರೆಸಿಕೊಂಡದ್ದೇ ತಪ್ಪಾಯಿತೆಂದು ರತನ್ ಟಾಟಾ ಅವರೇ ಹೇಳಿದರು. ಅದು ನನಗೆ ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ತಿಳಿದಿತ್ತು. ನಮ್ಮಲ್ಲಿ ಯಾರೂ ಮಳೆಗೆ ಹೆದರಿ ಕಾರು ಕೊಳ್ಳುವುದಿಲ್ಲ, ಎದುರು ಮನೆಯವರು ಕೇಳಲಿ ಎಂದು ಕೊಳ್ಳುತ್ತಾರೆ. ಬೆಲೆ ಊರಿಗೆಲ್ಲ ಮೊದಲೇ ಗೊತ್ತಿದ್ದರೆ ಅವರು ಕೇಳುವುದೇನನ್ನು? ಹೊಸ ಸೀರೆಗೆ ರೇಟಿನ ಚೀಟಿ ಕೀಳದೆ ಉಟ್ಟುಕೊಂಡು ಹೋದ ಹಾಗೆ.

2017ರಲ್ಲಿ ಅಪ್ಪ ಹೋದರು. ಮರುವರ್ಷ ಜೂನ್ ತಿಂಗಳಿಡೀ ತಯಾರಾದದ್ದು ಒಂದೇ ಒಂದು ನ್ಯಾನೊ ಎಂಬ ಸುದ್ದಿ ಬಂತು, ಕೊನೆಗೆ ತಯಾರಿಕೆಯೇ ನಿಂತಿತು. ಮಗಳು ಶಾಲೆಯ ಗೇಟಿಗೆ ಒಂದು ಗಲ್ಲಿ ಮೊದಲೇ ಇಳಿಯುವ ವಯಸ್ಸಿಗೆ ಬಂದಳು. ನಾನು ಕಾರಣ ಕೇಳಲಿಲ್ಲ. 2022ರಲ್ಲಿ ರತನ್ ಟಾಟಾ ಮುಂಬಯಿಯ ತಾಜ್ ಹೋಟೆಲಿಗೆ ನ್ಯಾನೊದಲ್ಲಿ ಬಂದಿಳಿದ ವಿಡಿಯೊ ಎಲ್ಲರ ಮೊಬೈಲುಗಳಲ್ಲಿ ಹರಿದಾಡಿದ ವಾರ ಅವಳು ಗೇಟಿನ ಎದುರಿಗೇ ಇಳಿದಳು. "ಫ್ರೆಂಡ್ಸೆಲ್ಲಾ ಕ್ಯೂಟ್ ಅಂದ್ರು ಪಪ್ಪಾ." ಹದಿಮೂರು ವರ್ಷ ತಡವಾಗಿಯಾದರೂ ಕಾರು ತರುಣರ ಕೈ ಸೇರಿತು. 2024ರ ಅಕ್ಟೋಬರ್ 9ರ ರಾತ್ರಿ ಟಾಟಾ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳೂ ಅವಳೇ. ಆ ಚಳಿಗಾಲದಲ್ಲಿ ಕಾರಿಗೆ ಹದಿನೈದು ತುಂಬಿತು. ಮಾರಿಬಿಡಿ ಎಂದವರ ಮಾತು ಕೇಳಿಸಿಕೊಂಡು, ಮತ್ತೈದು ವರ್ಷಕ್ಕೆ ನೋಂದಣಿ ಮಾಡಿಸಿದೆ.

ಹಾಗೆ ಮಾಡಿಸಿದ ಮೇಲೆ ಖಂಡೋಬನಿಗೊಂದು ವರದಿ ಒಪ್ಪಿಸಬೇಕಲ್ಲ. ಹಿಂದೆ ಅವ್ವ, ಹೆಂಡತಿ; ಅಪ್ಪನ ಸೀಟಿನಲ್ಲಿ ಮಗಳು. ದಿವೆ ಘಾಟಿನ ಬುಡದಲ್ಲಿ ಅವಳಿಗೆ ಸೆಕೆಯಾಯಿತು. ನಾನು ಬೇಡವೆನ್ನುವ ಮೊದಲೇ ಬ್ಲೋವರನ್ನು ಕೊನೆಯವರೆಗೂ ತಿರುವಿದಳು. ಎಷ್ಟೋ ವರ್ಷದಿಂದ ಒಳಗೆಲ್ಲೋ ಅಡಗಿದ್ದ ಒಂದು ಚಿಟಿಕೆ ಹೊರಬಂದು ಬೆಳಕಿನಲ್ಲಿ ತೇಲಿ, ಅವಳ ಮೊಬೈಲಿನ ಗಾಜಿನ ಮೇಲೆ ಕೂತಿತು.

"ಪಪ್ಪಾ, ಏನಿದು?"

ನಾನು ಗೇರು ಬದಲಿಸುವ ಕೆಲಸದಲ್ಲಿದ್ದೆ. ಒರೆಸಲು ಅವಳು ಬೆರಳೆತ್ತುವಷ್ಟರಲ್ಲಿ ಹಿಂದಿನ ಸೀಟಿನಿಂದ ಅವ್ವ ಮುಂದಕ್ಕೆ ಬಾಗಿದಳು. ಈ ಸಲ ಮೀಟರು ನೋಡಲಿಲ್ಲ.

"ಕಿಟಕಿ ಏರಸವ್ವಾ" ಅಂದಳು, "ಹಾರಿ ಹೋದೀತು."